ಮಂಗಳೂರಿಗೆ 109 ಕಿಲೋಮೀಟರೋ, 150 ಕಿಲೋಮೀಟರೋ? ಘಟ್ಟದ ಮೇಲಿನ ಊರುಗಳ ದೂರದ ಲೆಕ್ಕ

ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಕಾಮಗಾರಿಯ ಸುದ್ದಿ ಬಂದಾಗಲೆಲ್ಲ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗಲೆಲ್ಲ, ಒಂದೇ ಜೋಡಿ ಊರುಗಳ ನಡುವೆ ಬೇರೆ ಬೇರೆ ದೂರದ ಅಂಕಿಗಳು ಓದುಗರ ಮುಂದೆ ಬಂದು ನಿಲ್ಲುತ್ತವೆ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ವಿಮಾನ ಮಾರ್ಗ 109 ಕಿ.ಮೀ., ಹಾರಾಟದ ಅವಧಿ ಎಂಟು ನಿಮಿಷ ಎಂಬಂಥ ಉತ್ತರ ಸಿಗುತ್ತದೆ. ಅದರ ಕೆಳಗೇ ರಸ್ತೆ ಮಾರ್ಗ ಸುಮಾರು 150 ಕಿ.ಮೀ. ಎಂದೂ ಇರುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಅದು ನಾಲ್ಕು ಗಂಟೆಯ ದಾರಿ. ಚಿಕ್ಕಮಗಳೂರಿನಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವೇ ಇಲ್ಲವಾದ್ದರಿಂದ ಆ ಎಂಟು ನಿಮಿಷದ ಪ್ರಯಾಣವನ್ನು ಈವರೆಗೆ ಯಾವ ಪ್ರಯಾಣಿಕನೂ ಮಾಡಿಲ್ಲ.

ಆದರೂ ಈ ಅಂಕಿಗಳು ನಿರುಪದ್ರವಿಯಾಗಿ ಉಳಿಯುವುದಿಲ್ಲ. ವಿಮಾನ ನಿಲ್ದಾಣ ಬೇಕು ಎನ್ನುವವರು ಅವನ್ನು ಮುಂದಿಡುತ್ತಾರೆ, ಕಾಡಿನ ನಡುವೆ ಹೊಸ ರಸ್ತೆ ಬೇಕು ಎನ್ನುವವರೂ ಮುಂದಿಡುತ್ತಾರೆ, ಸುರಂಗದ ಪ್ರಸ್ತಾವದಲ್ಲೂ ಅವೇ ಮರುಕಳಿಸುತ್ತವೆ. ಆದ್ದರಿಂದ ಯಾವ ಅಂಕಿ ಏನನ್ನು ಹೇಳುತ್ತದೆ, ಅವುಗಳ ನಡುವಿನ ಅಂತರ ಎಲ್ಲಿಂದ ಬಂತು, ಆ ಅಂತರವನ್ನು ತಗ್ಗಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕಾಗಿದೆ.

ನೇರ ದೂರ ಎಂದರೇನು

ನೇರ ದೂರವೆಂದರೆ ಭೂಮಿಯ ಮೇಲ್ಮೈಯಲ್ಲಿ ಎರಡು ಸ್ಥಳಗಳನ್ನು ಸೇರಿಸುವ ಅತಿ ಚಿಕ್ಕ ರೇಖೆಯ ಉದ್ದ. ಇದಕ್ಕೆ ಎರಡೂ ಊರುಗಳ ಅಕ್ಷಾಂಶ, ರೇಖಾಂಶಗಳು ಗೊತ್ತಿದ್ದರೆ ಸಾಕು. ನಡುವೆ ಬೆಟ್ಟವಿದೆಯೋ ಹೊಳೆಯಿದೆಯೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ., ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಆಗುತ್ತದೆ. ಹಾಸನ ಮತ್ತು ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದು, ರೇಖಾಂಶದಲ್ಲಿ ಸುಮಾರು ಒಂದೂಕಾಲು ಡಿಗ್ರಿ ವ್ಯತ್ಯಾಸವಿರುವುದರಿಂದ ಅವುಗಳ ನಡುವಿನ ನೇರ ದೂರ 135 ಕಿ.ಮೀ. ಎಂದು ಯಾರು ಬೇಕಾದರೂ ಕಾಗದದ ಮೇಲೆ ಕಂಡುಕೊಳ್ಳಬಹುದು. ಅಂತರ್ಜಾಲದ ಲೆಕ್ಕಯಂತ್ರಗಳು ಮಾಡುವುದೂ ಇದನ್ನೇ. ಬಳಿಕ ಅವು ಆ ದೂರವನ್ನು ಗಂಟೆಗೆ ಸುಮಾರು 800 ಕಿ.ಮೀ. ಎಂಬ ಜೆಟ್ ವಿಮಾನದ ವೇಗದಿಂದ ಭಾಗಿಸಿ 'ಹಾರಾಟದ ಅವಧಿ' ಎಂದು ಕೊಡುತ್ತವೆ. ಅಲ್ಲಿ ಓಡುದಾರಿ ಇದೆಯೇ, ವಿಮಾನ ಇದೆಯೇ ಎಂದು ಅವು ಪರಿಶೀಲಿಸುವುದಿಲ್ಲ.

ರಸ್ತೆ ದೂರ ಮತ್ತು ರೈಲು ದೂರಗಳು ಹಾಗಲ್ಲ. ಅವು ನೆಲದ ಮೇಲೆ ನಿಜವಾಗಿ ಹಾಸಿದ ಡಾಂಬರಿನ, ಕಂಬಿಯ ಉದ್ದಗಳು. ಹಾಸನ ಮತ್ತು ಚಿಕ್ಕಮಗಳೂರಿನ ಜೋಡಿಯನ್ನೇ ನೋಡೋಣ. ನೇರ ದೂರ ಸುಮಾರು 50 ಕಿ.ಮೀ. ಬೇಲೂರಿನ ಮೂಲಕ ರಸ್ತೆಯಲ್ಲಿ 60ರಿಂದ 65 ಕಿ.ಮೀ. ಬೇಲೂರು ಬಹುತೇಕ ಆ ನೇರ ರೇಖೆಯ ಮೇಲೆಯೇ ಇರುವುದರಿಂದ ಮತ್ತು ದಾರಿಯಲ್ಲಿ ದೊಡ್ಡ ಬೆಟ್ಟಸಾಲು ಅಡ್ಡ ಬಾರದಿರುವುದರಿಂದ ವ್ಯತ್ಯಾಸ ಇಷ್ಟಕ್ಕೇ ನಿಂತಿದೆ. ಆದರೆ ರೈಲಿನಲ್ಲೇ ಹೋಗಬೇಕೆಂದು ಹೊರಟರೆ ಚಿಕ್ಕಮಗಳೂರಿನಿಂದ 2013ರಲ್ಲಿ ಆರಂಭವಾದ 46 ಕಿ.ಮೀ. ಮಾರ್ಗದಲ್ಲಿ ಮೊದಲು ಕಡೂರಿಗೆ, ಅಲ್ಲಿಂದ ಅರಸೀಕೆರೆಗೆ, ಅಲ್ಲಿಂದ ಹಿಂದಕ್ಕೆ ತಿರುಗಿ ಹಾಸನಕ್ಕೆ ಬರಬೇಕು. ಒಟ್ಟು 130 ಕಿ.ಮೀ. ಆಸುಪಾಸು. ಪಕ್ಕದ ಜಿಲ್ಲಾ ಕೇಂದ್ರ ರೈಲು ಪ್ರಯಾಣಿಕನಿಗೆ ಎರಡೂವರೆ ಪಟ್ಟು ದೂರವಾಗಿದೆ. ಬೇಲೂರಿನ ಮೂಲಕ ಎರಡೂ ನಗರಗಳನ್ನು ಜೋಡಿಸುವ ರೈಲು ಮಾರ್ಗಕ್ಕಾಗಿ ಈ ಭಾಗದವರು ಇಷ್ಟು ಒತ್ತಾಯಿಸುತ್ತಿರುವುದಕ್ಕೆ ಇದೇ ಕಾರಣ.

ಹೀಗೆ ಒಂದೊಂದೇ ಜೋಡಿಯನ್ನು ಅಳೆಯುತ್ತ ಪೂರ್ವದಿಂದ ಪಶ್ಚಿಮಕ್ಕೆ ಸರಿದರೆ ಒಂದು ಕ್ರಮ ಕಾಣುತ್ತದೆ. ಬಯಲುಸೀಮೆಯ ದಾರಿಯಾದ ಹಾಸನ–ಬೆಂಗಳೂರಿನ ನೇರ ದೂರ 162 ಕಿ.ಮೀ., ರಸ್ತೆ ದೂರ ಸುಮಾರು 183. ಅಂದರೆ ರಸ್ತೆ ಎಂಟನೇ ಒಂದು ಪಾಲಿನಷ್ಟು ಮಾತ್ರ ಹೆಚ್ಚು. ಹಾಸನ–ಮಂಗಳೂರು ನೇರ 135, ರಸ್ತೆ ಸುಮಾರು 170. ನಾಲ್ಕನೇ ಒಂದು ಪಾಲು ಹೆಚ್ಚು. ಚಿಕ್ಕಮಗಳೂರು–ಶಿವಮೊಗ್ಗ ನೇರವಾಗಿ 71 ಕಿ.ಮೀ. ಇದ್ದರೂ ನಡುವೆ ಚಂದ್ರದ್ರೋಣ ಬೆಟ್ಟಸಾಲು ಮತ್ತು ಭದ್ರಾ ಅಭಯಾರಣ್ಯ ಇರುವುದರಿಂದ ತರೀಕೆರೆಯ ಕಡೆಗೆ ಬಳಸಿ ಸುಮಾರು 95 ಕಿ.ಮೀ. ಸಾಗಬೇಕು. ಘಟ್ಟದ ಅಂಚಿಗೆ ಬಂದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ. ಕಳಸದಿಂದ ಬೆಳ್ತಂಗಡಿಗೆ ನೇರ ರೇಖೆ ಎಳೆದರೆ 30 ಕಿ.ಮೀ. ಒಳಗೇ ಇದೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆಯ ಮೂಲಕ ರಸ್ತೆಯಲ್ಲಿ ಹೋದರೆ 75–80 ಕಿ.ಮೀ. ಆಗುತ್ತದೆ. ನಕ್ಷೆಯಲ್ಲಿ ನೆರೆಹೊರೆಯಂತೆ ಕಾಣುವ ಎರಡು ತಾಲ್ಲೂಕು ಕೇಂದ್ರಗಳಿಗೆ ನೆಲದ ಮೇಲೆ ಎರಡೂವರೆ ಪಟ್ಟು ದೂರ.

ರಸ್ತೆ ಸುತ್ತುವುದು ಏಕೆ

ಘಟ್ಟದ ರಸ್ತೆಯನ್ನು ಯಾರೋ ಅಂಕುಡೊಂಕಾಗಿ ಹಾಕಿಬಿಟ್ಟರು, ನೆಟ್ಟಗೆ ಹಾಕಿದ್ದರೆ ಹತ್ತಿರವಾಗುತ್ತಿತ್ತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಈ ಉದ್ದ ಇಳಿಜಾರಿನ ಲೆಕ್ಕದಿಂದ ಬಂದದ್ದು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಘಟ್ಟದ ಬುಡದ ಊರುಗಳು 100–150 ಮೀಟರ್ ಎತ್ತರದಲ್ಲಿವೆ. ಅಂದರೆ ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯೊಳಗೆ 750–800 ಮೀಟರ್ ಇಳಿಯಲೇಬೇಕು. ಬೆಟ್ಟ ಪ್ರದೇಶದ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಸಾಮಾನ್ಯವಾಗಿ ಒಪ್ಪುವ ಇಳಿಜಾರು ಶೇ 5. ಅಂದರೆ ಒಂದು ಮೀಟರ್ ಇಳಿಯಲು 20 ಮೀಟರ್ ಉದ್ದ ಬೇಕು. ಈ ಲೆಕ್ಕದಲ್ಲಿ 800 ಮೀಟರ್ ಇಳಿಯುವುದಕ್ಕೇ 16 ಕಿ.ಮೀ. ರಸ್ತೆ ಬೇಕಾಗುತ್ತದೆ. ಆ 16 ಕಿ.ಮೀ.ಗೆ ಜಾಗ ನೇರ ರೇಖೆಯಲ್ಲಿ ಸಿಗದಿದ್ದಾಗ ರಸ್ತೆ ಗುಡ್ಡದ ಮೈಮೇಲೆ ಹಿಂದಕ್ಕೂ ಮುಂದಕ್ಕೂ ತಿರುಗುತ್ತ ಉದ್ದವನ್ನು ಗಳಿಸಿಕೊಳ್ಳುತ್ತದೆ. ಚಾರ್ಮಾಡಿಯ ಹೇರ್‌ಪಿನ್ ತಿರುವುಗಳು ಇದರ ಫಲ. ಅವನ್ನು ನೆಟ್ಟಗೆ ಮಾಡಿದರೆ ಇಳಿಜಾರು ಕಡಿದಾಗುತ್ತದೆ, ಭಾರ ಹೊತ್ತ ಲಾರಿಯ ಬ್ರೇಕು ಇಳಿಯುವಾಗ ನಿಲ್ಲುವುದಿಲ್ಲ, ಹತ್ತುವಾಗ ಎಂಜಿನ್ ಎಳೆಯುವುದಿಲ್ಲ.

ರೈಲಿಗೆ ಈ ಕಟ್ಟುಪಾಡು ಇನ್ನೂ ಬಿಗಿ. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿ ಹೆಚ್ಚು ಕಡಿದಾದ ಇಳಿಜಾರನ್ನು ತಾಳದು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಟ್ಟದ ಮಾರ್ಗವನ್ನು 50ಕ್ಕೆ 1ರ ಇಳಿಜಾರಿನಲ್ಲಿ ಕಟ್ಟಲಾಗಿದೆ. 50 ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. 800 ಮೀಟರ್ ಇಳಿಯಲು ಕನಿಷ್ಠ 40 ಕಿ.ಮೀ. ಈ ಉದ್ದಕ್ಕಾಗಿ 57 ಸುರಂಗಗಳನ್ನು ಕೊರೆಯಬೇಕಾಯಿತು. ಅಲ್ಲಿ ರೈಲು ಗಂಟೆಗೆ 30 ಕಿ.ಮೀ. ವೇಗವನ್ನು ಮೀರುವಂತಿಲ್ಲ, ಆದ್ದರಿಂದ ಆ 55 ಕಿ.ಮೀ. ದಾಟಲು ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕು. ಹಾಸನ–ಮಂಗಳೂರು ರೈಲು ಮಾರ್ಗದ ಒಟ್ಟು ಉದ್ದ 189 ಕಿ.ಮೀ. ಆಗಿರುವುದೂ, ಅದು ರಸ್ತೆಗಿಂತ ಉದ್ದವಾಗಿರುವುದೂ ಈ ಕಾರಣಕ್ಕೇ.

ಇಳಿಜಾರಿನ ಹಂಗು ಕಡಿಮೆ ಇರುವ ಸಾಗಣೆ ಯಾವುದು ಎಂದು ಕೇಳಿದರೆ ಅದಕ್ಕೂ ಇದೇ ಜಿಲ್ಲೆಗಳಲ್ಲಿ ಉತ್ತರವಿದೆ. ಕುದುರೆಮುಖದಲ್ಲಿ ಗಣಿಗಾರಿಕೆ ನಡೆಯುತ್ತಿದ್ದಾಗ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಇಳಿಸಲಾಗುತ್ತಿತ್ತು. ಕುದುರೆಮುಖದ ಜನ ಮಂಗಳೂರಿಗೆ ಹೋಗಲು ನೂರು ಕಿ.ಮೀ. ಆಸುಪಾಸಿನ ರಸ್ತೆ ಹಿಡಿಯುತ್ತಿದ್ದರು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲಿಯಂ ಸಾಗಿಸುವ, 360 ಕಿ.ಮೀ.ಗೂ ಹೆಚ್ಚು ಉದ್ದದ ಕೊಳವೆ ಮಾರ್ಗವೂ ಘಟ್ಟವನ್ನು ಹತ್ತಿಯೇ ಬರುತ್ತದೆ. ದ್ರವವನ್ನು ಪಂಪು ತಳ್ಳುತ್ತದೆ, ಅದಕ್ಕೆ ತಿರುವೂ ಬೇಡ, ಬ್ರೇಕೂ ಬೇಡ. ಮನುಷ್ಯರಿಗೆ, ಕಾಫಿ ಮೂಟೆಗೆ, ಆಂಬುಲೆನ್ಸಿಗೆ ಆ ಅನುಕೂಲವಿಲ್ಲ.

ಹತ್ತು ನಿಮಿಷದ ಹಾರಾಟಕ್ಕೆ ಎಷ್ಟು ಗಂಟೆ

ಹಾಗಾದರೆ ಬೆಟ್ಟವನ್ನು ಲೆಕ್ಕಿಸದ ವಿಮಾನವೇ ಪರಿಹಾರವಾಗಬಹುದಲ್ಲ ಎಂಬ ಪ್ರಶ್ನೆ ಸಹಜ. ಹಾಸನದಿಂದ ಮಂಗಳೂರಿಗೆ ಲೆಕ್ಕಯಂತ್ರ ಹೇಳುವುದು ಹತ್ತು ನಿಮಿಷ. ಆದರೆ ಆ ವೇಗ ವಿಮಾನ ಪೂರ್ಣ ಎತ್ತರಕ್ಕೇರಿದ ಮೇಲಿನದು. ಇಷ್ಟು ಹತ್ತಿರದ ಮಾರ್ಗದಲ್ಲಿ ಏರಿ ಮುಗಿಯುವ ಮೊದಲೇ ಇಳಿಯಲು ತೊಡಗಬೇಕು. ಇಂಥ ಮಾರ್ಗಗಳಲ್ಲಿ ಹಾರುವ ಎಪ್ಪತ್ತರ ಆಸುಪಾಸಿನ ಆಸನಗಳ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ನಿಲ್ದಾಣದಲ್ಲಿ ತೆವಳುವುದು, ಓಡುದಾರಿಯ ದಿಕ್ಕಿಗೆ ತಕ್ಕಂತೆ ಬಳಸಿ ಬರುವುದು ಎಲ್ಲ ಸೇರಿದರೆ ನೂರೈವತ್ತು ಕಿಲೋಮೀಟರಿಗೂ ಮುಕ್ಕಾಲು ಗಂಟೆಯಷ್ಟನ್ನು ವೇಳಾಪಟ್ಟಿಯಲ್ಲಿ ಇಡಬೇಕಾಗುತ್ತದೆ.

ಪ್ರಯಾಣಿಕನ ಗಡಿಯಾರ ಇನ್ನೂ ಮೊದಲೇ ಶುರುವಾಗುತ್ತದೆ. ಹಾಸನದಿಂದ ಬೆಂಗಳೂರಿಗೆ ಹಾರುತ್ತೇನೆ ಎಂದುಕೊಂಡವರು ಊರಿನಿಂದ ನಿಲ್ದಾಣಕ್ಕೆ ಹೋಗಿ, ಹೊರಡುವ ಹೊತ್ತಿಗೆ ಒಂದು ಗಂಟೆಗೂ ಮೊದಲೇ ತಲುಪಿ, ಮುಕ್ಕಾಲು ಗಂಟೆಯ ಬಳಿಕ ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ನಗರದ ನಡುವಿಗೆ ಮತ್ತೆ ಸುಮಾರು 35 ಕಿ.ಮೀ. ವಾಹನ ದಟ್ಟಣೆಯಲ್ಲಿ ಬರಬೇಕು. ಮೂರೂವರೆ ಗಂಟೆಗೆ ಕಡಿಮೆಯಾಗದು. ಚನ್ನರಾಯಪಟ್ಟಣ, ಕುಣಿಗಲ್ ಮೂಲಕ ಚತುಷ್ಪಥ ಹೆದ್ದಾರಿಯಲ್ಲಿ ಕಾರು ಅಷ್ಟರೊಳಗೆ ತಲುಪಿರುತ್ತದೆ. 2017ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳದ ಮೂಲಕ ಆರಂಭವಾದ ನೇರ ರೈಲು ಮಾರ್ಗವೂ ಇದೆ. ಅದಕ್ಕೆ ಮಂಜೂರಾತಿ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ರೈಲು ಓಡಿದ್ದು ಎರಡು ದಶಕಗಳ ಬಳಿಕ ಎಂಬುದನ್ನೂ ನೆನೆಯಬೇಕು.

ಹತ್ತಿರದ ಮಾರ್ಗ ವಿಮಾನ ಸಂಸ್ಥೆಗೂ ಗಿಟ್ಟುವುದಿಲ್ಲ. ನೆಲದಿಂದ ಏರುವಾಗಲೇ ಇಂಧನ ಹೆಚ್ಚು ಉರಿಯುತ್ತದೆ. ಪ್ರತಿ ಇಳಿತದ ನಂತರ ವಿಮಾನ ಅರ್ಧ ಗಂಟೆಯಾದರೂ ನಿಲ್ಲಬೇಕು. ನಿಂತ ವಿಮಾನ ದುಡಿಯುವುದಿಲ್ಲ. ದೂರ ಹೆಚ್ಚಿದಂತೆ ಈ ಖರ್ಚು ಹೆಚ್ಚು ಕಿಲೋಮೀಟರುಗಳ ಮೇಲೆ ಹಂಚಿಹೋಗುತ್ತದೆ. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಉಡಾನ್ ಯೋಜನೆ ಈ ಕೊರತೆಯನ್ನು ತುಂಬಲೆಂದೇ ಬಂದದ್ದು. ಸಣ್ಣ ಊರುಗಳ ಮಾರ್ಗದಲ್ಲಿ ಅರ್ಧದಷ್ಟು ಆಸನಗಳಿಗೆ ದರದ ಮಿತಿ, ಅಂದರೆ ಆರಂಭದಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ. ಸಂಸ್ಥೆಗೆ ಆಗುವ ನಷ್ಟಕ್ಕೆ ಮೂರು ವರ್ಷ ಸಹಾಯಧನ. ಈ ದರ ಮತ್ತು ಸಹಾಯಧನ ಎರಡನ್ನೂ ಹಾರಾಟದ ದೂರದ ಮೇಲೆ ನಿಗದಿ ಮಾಡಲಾಗುತ್ತದೆ. ಸಾಮಾನ್ಯ ಪ್ರದೇಶಗಳಲ್ಲಿ ವಿಮಾನಕ್ಕೆ 200 ಕಿ.ಮೀ. ಕನಿಷ್ಠ ಎಂದು ಆರಂಭದ ನಿಯಮ ಇಟ್ಟುಕೊಂಡಿತ್ತು. ಹಾಸನ–ಬೆಂಗಳೂರು, ಹಾಸನ–ಮಂಗಳೂರು ಎರಡೂ ಆ ಕನಿಷ್ಠಕ್ಕಿಂತ ಕಡಿಮೆ. ನೇರ ದೂರದ ಅಂಕಿ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ.

ಸಹಾಯಧನ ಮುಗಿದ ಮೇಲೆ ಏನಾಯಿತು ಎಂಬುದನ್ನು ಮಹಾಲೇಖಪಾಲರ (ಸಿಎಜಿ) 2023ರ ವರದಿ ದಾಖಲಿಸಿದೆ. ಉಡಾನ್‌ನ ಮೂರನೇ ಹಂತದವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆ ಬಳಿಕವೂ, 2023ರ ಮಾರ್ಚ್ ಹೊತ್ತಿಗೆ ಉಳಿದುಕೊಂಡಿದ್ದು 54 ಮಾತ್ರ. ಕೊಟ್ಟ ಒಟ್ಟು ಮಾರ್ಗಗಳಲ್ಲಿ ನೂರಕ್ಕೆ ಏಳು.

ಬೂವನಹಳ್ಳಿಯ ಪರವಾಗಿ, ವಿರೋಧವಾಗಿ

ಇದರಿಂದ ಹಾಸನಕ್ಕೆ ವಿಮಾನ ನಿಲ್ದಾಣ ಬೇಡವೇ ಬೇಡ ಎಂಬ ತೀರ್ಮಾನಕ್ಕೆ ಹಾರುವುದು ಸರಿಯಾಗದು. ನಿಲ್ದಾಣದ ಪರವಾದ ವಾದ ಗಟ್ಟಿಯಾಗಿರುವುದು ದೂರದ ಊರುಗಳ ವಿಷಯದಲ್ಲಿ. ಹಾಸನದಿಂದ ಹೈದರಾಬಾದಿಗೆ ನೇರ ದೂರ ಸುಮಾರು 550 ಕಿ.ಮೀ., ಮುಂಬೈಗೆ ಸುಮಾರು 760. ಈಗ ಅಲ್ಲಿಗೆ ಹೋಗಬೇಕಾದವರು ಮೊದಲು ಸುಮಾರು 200 ಕಿ.ಮೀ. ಸಾಗಿ ದೇವನಹಳ್ಳಿಗೋ, ಘಟ್ಟ ಇಳಿದು ಬಜ್ಪೆಗೋ ಹೋಗಬೇಕು; ಆ ನಾಲ್ಕೈದು ಗಂಟೆ ಉಳಿಯುತ್ತದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊರರಾಜ್ಯದ ಪ್ರವಾಸಿಗರ ಮಾತೂ ಸೇರಿಕೊಂಡಿದೆ. ಚಿಕ್ಕಮಗಳೂರಿನ ಹೋಂಸ್ಟೇ ನಡೆಸುವವರಿಗೂ ಬೂವನಹಳ್ಳಿ ಹತ್ತಿರವೇ.

ವಿರೋಧಿಸುವವರು ಮುಂದಿಡುವ ಪ್ರಶ್ನೆ ಪ್ರಯಾಣಿಕರ ಸಂಖ್ಯೆಯದು. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ ಆಗಸ್ಟ್ ಕೊನೆಗೆ ವಿಮಾನ ಹಾರಾಟ ಆರಂಭಿಸಿದ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣ ಚಿಕ್ಕಮಗಳೂರಿನಿಂದ ನೂರು ಕಿ.ಮೀ. ಒಳಗಿದೆ. ಹಾಸನದಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಸುಮಾರು ಎರಡೂವರೆ ಗಂಟೆಯ ದಾರಿ. ಮಲೆನಾಡಿನ ಅಷ್ಟೇ ಪ್ರಯಾಣಿಕರನ್ನು ನಾಲ್ಕೈದು ನಿಲ್ದಾಣಗಳು ಹಂಚಿಕೊಂಡರೆ ಪ್ರತಿ ನಿಲ್ದಾಣದಿಂದಲೂ ವಾರಕ್ಕೆ ಕೆಲವೇ ವಿಮಾನ ಹಾರುತ್ತವೆ. ವಾರಕ್ಕೆ ಎರಡೇ ದಿನ ವಿಮಾನವಿದ್ದರೆ ಮಿಕ್ಕ ಐದು ದಿನ ಪ್ರಯಾಣಿಕ ಮತ್ತೆ ದೇವನಹಳ್ಳಿಯ ಹಾದಿಯನ್ನೇ ಹಿಡಿಯುತ್ತಾನೆ; ಹೀಗೆ ಪ್ರಯಾಣಿಕರು ಕಡಿಮೆಯಾಗಿ, ಇದ್ದ ವಿಮಾನವೂ ನಿಲ್ಲುತ್ತದೆ. ನಿಲ್ದಾಣ ಕಟ್ಟುವ ಖರ್ಚು ಒಮ್ಮೆಯದು, ಆದರೆ ಅಗ್ನಿಶಾಮಕ ದಳ, ಭದ್ರತೆ, ಓಡುದಾರಿಯ ನಿರ್ವಹಣೆಗಳ ಖರ್ಚು ವಿಮಾನ ಬಂದರೂ ಬಾರದಿದ್ದರೂ ಇದ್ದೇ ಇರುತ್ತದೆ. ಈ ಲೇಖನದ ಅಭಿಪ್ರಾಯದಲ್ಲಿ ನಿಲ್ದಾಣದ ಸಾರ್ಥಕತೆ ಮುಂಬೈ, ಹೈದರಾಬಾದಿನಂಥ ದೂರದ ನಗರಗಳಿಗೆ ದಿನವೂ ಒಂದಾದರೂ ವಿಮಾನ ಇರುತ್ತದೆಯೇ ಎಂಬುದರ ಮೇಲೆ ನಿಂತಿದೆ. ಕರಾವಳಿಯನ್ನು ಹಾಸನಕ್ಕೆ ಹತ್ತಿರ ತರುವ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು.

ಎಳನೀರಿನ ಹತ್ತು ಕಿಲೋಮೀಟರ್

ನೇರ ದೂರ ಮತ್ತು ರಸ್ತೆ ದೂರದ ನಡುವಿನ ಅಂತರ ಜನರ ಬದುಕಿನಲ್ಲಿ ಎಷ್ಟು ಆಳವಾಗಿ ಇಳಿಯಬಹುದು ಎಂಬುದಕ್ಕೆ ಎಳನೀರು ಎಂಬ ಊರಿನಷ್ಟು ಸ್ಪಷ್ಟವಾದ ಉದಾಹರಣೆ ಈ ಭಾಗದಲ್ಲಿ ಮತ್ತೊಂದಿಲ್ಲ. ಎಳನೀರು ಸೇರಿರುವುದು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿಗೆ. ಆದರೆ ಅದು ಇರುವುದು ಘಟ್ಟದ ಮೇಲೆ, ಚಿಕ್ಕಮಗಳೂರು ಜಿಲ್ಲೆಯ ಸಂಸೆಗೆ ಅಂಟಿಕೊಂಡು. ಘಟ್ಟದ ಬುಡದ ದಿಡುಪೆಗೆ ಕಾಡಿನ ದಾರಿ ಹತ್ತು ಹನ್ನೆರಡು ಕಿ.ಮೀ. ಮಾತ್ರ. ವರ್ಷವಿಡೀ ವಾಹನ ಸಾಗುವ ರಸ್ತೆ ಅಲ್ಲಿ ಇಲ್ಲದ್ದರಿಂದ ತಮ್ಮದೇ ತಾಲ್ಲೂಕು ಕಚೇರಿಗೆ ಹೋಗಲು ಆ ಊರಿನವರು ಕುದುರೆಮುಖ, ಬಜಗೋಳಿಯ ಮೂಲಕವೋ ಕಳಸ, ಕೊಟ್ಟಿಗೆಹಾರ, ಚಾರ್ಮಾಡಿಯ ಮೂಲಕವೋ ನೂರು ಕಿ.ಮೀ. ಆಸುಪಾಸು ಸುತ್ತಬೇಕು. ಪಹಣಿಯ ತಿದ್ದುಪಡಿಗೆ, ಪಡಿತರ ಚೀಟಿಗೆ, ವಿಧವಾ ವೇತನದ ಅರ್ಜಿಗೆ ಒಂದಿಡೀ ದಿನದ ಕೂಲಿ ಹೋಗುತ್ತದೆ. ಅಧಿಕಾರಿ ಸಿಗದಿದ್ದರೆ ಎರಡನೆಯ ದಿನದ್ದೂ ಹೋಗುತ್ತದೆ.

ಸಂಸೆ–ಎಳನೀರು–ದಿಡುಪೆ ರಸ್ತೆಯ ಬೇಡಿಕೆ ಹುಟ್ಟಿದ್ದು ಇಲ್ಲಿಂದ. ಅದಾದರೆ ಕಳಸದ ಕಡೆಯವರಿಗೆ ಉಜಿರೆ, ಧರ್ಮಸ್ಥಳ, ಮಂಗಳೂರಿನ ಆಸ್ಪತ್ರೆಗಳೂ ಹತ್ತಿರವಾಗುತ್ತವೆ, ಚಾರ್ಮಾಡಿ ಮುಚ್ಚಿದಾಗ ಬದಲಿ ದಾರಿಯೂ ಸಿಗುತ್ತದೆ ಎಂಬುದು ಬೇಡಿಕೆಯ ಪರವಾದ ಮಾತು. ಇನ್ನೊಂದು ಕಡೆ, ಆ ದಾರಿ ಹಾದುಹೋಗುವುದು ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ತುಂಗಾ, ಭದ್ರಾ, ನೇತ್ರಾವತಿಗಳಿಗೆ ನೀರು ಕೊಡುವ ಶೋಲಾ ಕಾಡು ಮತ್ತು ಹುಲ್ಲುಗಾವಲು ಅದು. ಇದೇ ಕಾಡಿನ ರಕ್ಷಣೆಗಾಗಿ 2005ರ ಕೊನೆಗೆ ಗಣಿಗಾರಿಕೆಯನ್ನೇ ನಿಲ್ಲಿಸಲಾಯಿತು. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ, ದಿಡುಪೆಗಳ ಮೇಲಿನ ಗುಡ್ಡಗಳು ಕುಸಿದು ಮಣ್ಣು, ಮರ, ಬಂಡೆಗಳು ತೋಟಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಅಲ್ಲೇ ಮತ್ತೊಂದು ರಸ್ತೆಗಾಗಿ ಗುಡ್ಡ ಕಡಿಯುವುದು ಭಯ ಹುಟ್ಟಿಸುವುದು ಸಹಜ.

ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಇಲ್ಲಿ ಎರಡು ಬೇರೆ ಬೇರೆ ರಸ್ತೆಗಳ ವಿಚಾರ ಒಂದಾಗಿ ಕಲಸಿಹೋಗಿದೆ ಎಂಬುದನ್ನು ಗಮನಿಸಬೇಕು. ಎಳನೀರಿನ ಮನೆಗಳಿಗೆ ಬೇಕಾದದ್ದು ಜೀಪು, ಆಂಬುಲೆನ್ಸ್ ಸಾಗುವಷ್ಟು ಅಗಲದ, ರಾತ್ರಿ ಹೊರಗಿನ ವಾಹನಗಳಿಗೆ ಮುಚ್ಚಿಡಬಹುದಾದ ದಾರಿ. ಕಳಸದಿಂದ ಮಂಗಳೂರಿಗೆ ಪ್ರವಾಸಿಗರ ಬಸ್ಸು, ಲಾರಿಗಳನ್ನು ಹರಿಯಬಿಡುವ ಹೆದ್ದಾರಿ ಮತ್ತೊಂದು. ಮೊದಲನೆಯದಕ್ಕೆ ಗುಡ್ಡವನ್ನು ಕಡಿಯುವ ಪ್ರಮಾಣ ಕಡಿಮೆ, ಎರಡನೆಯದಕ್ಕೆ ಹಲವು ಪಟ್ಟು ಹೆಚ್ಚು. 2006ರ ಅರಣ್ಯ ಹಕ್ಕು ಕಾಯ್ದೆಯೂ ಕಾಡಿನೊಳಗಿನ ಊರುಗಳ ರಸ್ತೆ, ಶಾಲೆ, ಅಂಗನವಾಡಿಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ತಲಾ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು, ಹೆಕ್ಟೇರಿಗೆ 75 ಮರ ಮೀರದಂತೆ ಕಡಿಯಲು ಅವಕಾಶ ಕೊಟ್ಟಿದೆ. ಅದು ಊರಿನ ದಾರಿಗಾಗಿ ಇಟ್ಟ ಅವಕಾಶ. '30 ಕಿ.ಮೀ. ನೇರ ದೂರವಿದ್ದರೂ 80 ಕಿ.ಮೀ. ಸುತ್ತಬೇಕು' ಎಂಬ ಅಂಕಿ ಎಳನೀರಿನ ಹಿಡಿಯಷ್ಟು ಮನೆಗಳ ಸಂಕಟದಿಂದ ಹೊರಟು ಹೆದ್ದಾರಿಯ ಸಮರ್ಥನೆಯಲ್ಲಿ ಮುಗಿದಾಗ ಕಾಡಿನ ಪರವಾದವರು ಪೂರ್ತಿ ರಸ್ತೆಯನ್ನೇ ವಿರೋಧಿಸುತ್ತಾರೆ. ನಷ್ಟವಾಗುವುದು ಎಳನೀರಿಗೆ.

ಮಳೆಗಾಲ ಬಂದರೆ

ಮೇಲೆ ಹೇಳಿದ ರಸ್ತೆ ದೂರಗಳೆಲ್ಲ ರಸ್ತೆ ತೆರೆದಿದ್ದಾಗಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಆ ಖಾತರಿ ಇಲ್ಲ. ಶಿರಾಡಿ ಘಾಟಿ ಕಾಂಕ್ರೀಟ್ ಕಾಮಗಾರಿಗಾಗಿ 2015ರಲ್ಲಿ ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು. 2018ರಲ್ಲಿ ಕಾಮಗಾರಿ ಮುಗಿದು ತೆರೆದ ಮರುತಿಂಗಳೇ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕೊಚ್ಚಿಹೋಯಿತು, ಘಟ್ಟದ ರೈಲು ಮಾರ್ಗವೂ ಬಂದ್ ಆಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತು. ಅದೇ ತಿಂಗಳು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಕಂಬಿಯ ಕೆಳಗಿನ ಮಣ್ಣೇ ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ನಿಂತವು.

ಈ ಪಟ್ಟಿಯಲ್ಲಿ ಎದ್ದು ಕಾಣುವ ಸಂಗತಿಯೆಂದರೆ ಒಂದು ಘಟ್ಟ ಮುಚ್ಚಿದಾಗ ಮಿಕ್ಕವೂ ಅಪಾಯದಲ್ಲಿರುತ್ತವೆ. ಎಲ್ಲವನ್ನೂ ಹೊಡೆಯುವುದು ಒಂದೇ ಮಳೆ. ಶಿರಾಡಿ ಮುಚ್ಚಿದರೆ ಅದರ ವಾಹನಗಳು ಬೇಲೂರು, ಮೂಡಿಗೆರೆ ಮೂಲಕ ಚಾರ್ಮಾಡಿಗೆ ತಿರುಗುತ್ತವೆ. ಕಿರಿದಾದ ಆ ರಸ್ತೆಗೆ ಅಷ್ಟು ಭಾರ ತಾಳುವ ಶಕ್ತಿಯಿಲ್ಲದ ಕಾರಣ ಲಾರಿಗಳಿಗೆ ನಿರ್ಬಂಧ, ರಾತ್ರಿ ಸಂಚಾರಕ್ಕೆ ನಿಷೇಧ ಬರುತ್ತದೆ. ಆಗ ಮೂಡಿಗೆರೆಯಲ್ಲಿ ರಾತ್ರಿ ಹತ್ತು ಗಂಟೆಗೆ ಎದೆನೋವು ಕಾಣಿಸಿಕೊಂಡವರಿಗೆ ಮಂಗಳೂರಿನ ಆಸ್ಪತ್ರೆ ನಕ್ಷೆಯಲ್ಲಿ ಇದ್ದಲ್ಲೇ ಇರುತ್ತದೆ, ತಲುಪಲು ದಾರಿ ಇರುವುದಿಲ್ಲ. ಮಂಗಳೂರು ಬಂದರಿಗೆ ಹೋಗಬೇಕಾದ ಕಾಫಿ ದಾರಿಯಲ್ಲಿ ನಿಲ್ಲುತ್ತದೆ. ಕರಾವಳಿಗೆ ಇಳಿಯಬೇಕಾದ ತರಕಾರಿ ಲಾರಿಯಲ್ಲೇ ಕೊಳೆಯುತ್ತದೆ.

ಕುಸಿತಕ್ಕೆ ಮಳೆಯೊಂದನ್ನೇ ದೂರುವಂತಿಲ್ಲ. ಇಳಿಜಾರಿನ ಮಣ್ಣು ತನ್ನ ಸಹಜ ಕೋನದಲ್ಲಿ ಇರುವವರೆಗೆ ಮರದ ಬೇರು ಅದನ್ನು ಹಿಡಿದಿಡುತ್ತದೆ. ರಸ್ತೆ ಅಗಲಿಸಲು ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದಾಗ ಮೇಲಿನ ಮಣ್ಣಿನ ಆಸರೆ ತಪ್ಪುತ್ತದೆ. ಮಳೆಯ ನೀರು ಸಡಿಲ ಮಣ್ಣಿನೊಳಗೆ ಇಳಿದು, ಕೆಳಗಿನ ಗಟ್ಟಿ ಬಂಡೆಯ ಮೇಲೆ ಹರಿಯತೊಡಗಿದರೆ ಮಣ್ಣಿನ ಪದರ ಪೂರ್ತಿಯಾಗಿ ಜಾರುತ್ತದೆ. ಚರಂಡಿ ಕಟ್ಟಿಕೊಂಡಿದ್ದರೆ ನೀರು ರಸ್ತೆಯ ಅಡಿಗೇ ನುಗ್ಗುತ್ತದೆ. ಹಾಸನದಿಂದ ಸಕಲೇಶಪುರ ತಾಲ್ಲೂಕಿನ ಮಾರನಹಳ್ಳಿವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದಿದ್ದರಿಂದ ಕಡಿದ ಗುಡ್ಡಗಳು ತಡೆಗೋಡೆಯಿಲ್ಲದೆ ಹಲವು ಮಳೆಗಾಲಗಳನ್ನು ಎದುರಿಸಬೇಕಾಯಿತು.

ಸುರಂಗದ ಪ್ರಸ್ತಾವ

ಶಿರಾಡಿಯಲ್ಲಿ ಸುಮಾರು 23 ಕಿ.ಮೀ. ಉದ್ದದ ಸುರಂಗ ಮತ್ತು ಸೇತುವೆಗಳ ಮಾರ್ಗ ನಿರ್ಮಿಸುವ ಪ್ರಸ್ತಾವ ಹಲವು ವರ್ಷಗಳಿಂದ ರೂಪ ಬದಲಿಸುತ್ತ ಬಂದಿದೆ. ಅದರಿಂದ ಉಳಿಯುವ ದೂರ ದೊಡ್ಡದಲ್ಲ, ಏಕೆಂದರೆ ಸುರಂಗವೂ ಅಷ್ಟೇ ಎತ್ತರವನ್ನು ಮಿತವಾದ ಇಳಿಜಾರಿನಲ್ಲೇ ಇಳಿಯಬೇಕು. ಅದರ ನಿಜವಾದ ಲಾಭ ಮಳೆಗಾಲದಲ್ಲೂ ತೆರೆದಿರುವ ಭರವಸೆ. ಸಾವಿರಾರು ಕೋಟಿ ರೂಪಾಯಿಯ ವೆಚ್ಚ, ಕೊರೆದ ಕಲ್ಲುಮಣ್ಣನ್ನು ಸುರಿಯಲು ಜಾಗ, ಬೆಟ್ಟದೊಳಗಿನ ನೀರಿನ ಸೆಲೆಗಳಿಗೆ ಆಗುವ ಹಾನಿ ಇವೆಲ್ಲ ಅದರ ಎದುರು ನಿಲ್ಲುವ ಪ್ರಶ್ನೆಗಳು. ಸುರಂಗ ಬರುತ್ತದೆ ಎಂಬ ನಿರೀಕ್ಷೆಯಲ್ಲಿ ಈಗಿನ ರಸ್ತೆಯ ಚರಂಡಿ, ತಡೆಗೋಡೆಗಳ ಕೆಲಸ ಹಿಂದೆ ಬಿದ್ದರೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಅಳತೆ ತಪ್ಪಿದಾಗ

ನೇರ ದೂರವನ್ನು ಆಡಳಿತದಲ್ಲಿ ಬಳಸಿದಾಗ ಮಲೆನಾಡಿಗೆ ಬೇರೊಂದು ಬಗೆಯ ಅನ್ಯಾಯವಾಗುತ್ತದೆ. ಶಿಕ್ಷಣ ಹಕ್ಕು ನಿಯಮಗಳು ಕಿರಿಯ ಪ್ರಾಥಮಿಕ ಶಾಲೆ ಒಂದು ಕಿ.ಮೀ., ಹಿರಿಯ ಪ್ರಾಥಮಿಕ ಶಾಲೆ ಮೂರು ಕಿ.ಮೀ. ಒಳಗಿರಬೇಕು ಎನ್ನುತ್ತವೆ, ಅದೂ ನಡೆದು ಹೋಗುವ ದೂರದಲ್ಲಿ. ನಕ್ಷೆಯ ಮೇಲೆ ವೃತ್ತ ಎಳೆದು ನೋಡಿದರೆ ಶೃಂಗೇರಿ, ಕೊಪ್ಪದ ಎಷ್ಟೋ ಒಂಟಿ ಮನೆಗಳು ಶಾಲೆಯ ವೃತ್ತದೊಳಗೇ ಇರುತ್ತವೆ. ನಡುವಿನ ಹಳ್ಳಕ್ಕೆ ಅಡಕೆ ಮರದ ಕಾಲುಸಂಕವಷ್ಟೇ ಇದ್ದು ಆಷಾಢದ ಮಳೆಗೆ ಅದು ಕೊಚ್ಚಿಹೋದರೆ, ಆ ಮಗು ಸೇತುವೆ ಇರುವಲ್ಲಿಗೆ ಬಳಸಿ ನಾಲ್ಕು ಕಿ.ಮೀ. ನಡೆಯಬೇಕು ಅಥವಾ ಮನೆಯಲ್ಲೇ ಉಳಿಯಬೇಕು. ಮಕ್ಕಳಿಲ್ಲವೆಂದು ಸಣ್ಣ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸುವ ಮುನ್ನ ಈ ದಾರಿಯನ್ನು ಜುಲೈ ತಿಂಗಳಲ್ಲಿ ಒಮ್ಮೆ ನಡೆದು ನೋಡಿ ಬರುವುದು ಕಷ್ಟದ ಕೆಲಸವೇನಲ್ಲ.

ಘಟ್ಟದ ರಸ್ತೆಗಳ ವಿಷಯದಲ್ಲೂ ಮಾಡಬಹುದಾದ ಒಂದು ಸರಳ ಕೆಲಸವಿದೆ. ಶಿರಾಡಿ, ಚಾರ್ಮಾಡಿ, ಬಿಸಿಲೆ, ಆಗುಂಬೆ, ಸಂಪಾಜೆ ಈ ಐದು ಘಾಟಿಗಳು ವರ್ಷದಲ್ಲಿ ಎಷ್ಟು ಗಂಟೆ ಪೂರ್ತಿ ಮುಚ್ಚಿದ್ದವು, ಎಷ್ಟು ಗಂಟೆ ಲಾರಿಗಳಿಗೆ ಮಾತ್ರ ಮುಚ್ಚಿದ್ದವು, ಎಷ್ಟು ರಾತ್ರಿ ನಿರ್ಬಂಧವಿತ್ತು ಎಂಬ ಲೆಕ್ಕವನ್ನು ಆರು ಜಿಲ್ಲಾಡಳಿತಗಳು ಸೇರಿ ಪ್ರತಿ ವರ್ಷ ಒಂದೆಡೆ ಪ್ರಕಟಿಸಬಹುದು. ಆದೇಶಗಳು ಹೇಗೂ ಜಿಲ್ಲಾಧಿಕಾರಿಗಳ ಕಚೇರಿಯಿಂದಲೇ ಹೊರಡುತ್ತವೆ, ಅವುಗಳ ದಿನಾಂಕ, ಸಮಯ ಕಡತದಲ್ಲಿ ಇರುತ್ತದೆ. ಯಾವ ತಿರುವಿನಲ್ಲಿ ಪ್ರತಿ ವರ್ಷ ಗುಡ್ಡ ಜಾರುತ್ತದೆ, ಅಲ್ಲಿ ತಡೆಗೋಡೆಗೆ ಎಷ್ಟು ಖರ್ಚಾಗುತ್ತದೆ, ಅದೇ ಹಣದಲ್ಲಿ ಸುರಂಗದ ಎಷ್ಟು ಮೀಟರ್ ಆಗುತ್ತದೆ ಎಂಬುದನ್ನು ಆಗ ಸಕಲೇಶಪುರದ ಲಾರಿ ಮಾಲೀಕರೂ ಕಳಸದ ಬೆಳೆಗಾರರೂ ತಾವೇ ಕೂಡಿ ಕಳೆದು ನೋಡಬಹುದು.